ಅರಕಲಗೂಡಿನ ಲೈನು

ಹೊಳೆನರಸೀಪುರದ ಅಕ್ಕ ತೀರಿಕೊಂಡರು ಎಂದು ಅವರ ಅಣ್ಣನ ಮಗ ಫೋನು ಮಾಡಿದಾಗ ನಾನು ಹಾಸನದಲ್ಲಿ ನನ್ನ ಮೊಬೈಲ್ ಅಂಗಡಿಯ ಷಟರು ಎತ್ತುತ್ತಿದ್ದೆ. ಅರ್ಧ ಎತ್ತಿದ್ದನ್ನು ಹಾಗೇ ಕೆಳಗೆಳೆದು ಬೀಗ ಹಾಕಿದೆ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ತಲೆಯಲ್ಲಿದ್ದದ್ದು ಒಂದೇ: ಅರಕಲಗೂಡಿಗೆ ಯಾರು ತಿಳಿಸುತ್ತಾರೆ?

ಇಲ್ಲಿ ಅರಕಲಗೂಡು ಎಂದರೆ ಊರಲ್ಲ, ಆ ಊರಿನ ಒಬ್ಬ ಹೆಂಗಸು. ಅಕ್ಕನ ಗೆಳತಿ. ಫೋನು ಮಾಡಿದರೆ ಆಕೆ ಕೇಳಿಸಿಕೊಳ್ಳುತ್ತಿದ್ದರು, ಆದರೆ ಗಂಟಲಿನ ಆಪರೇಷನ್ ಆದ ಮೇಲೆ ತಿರುಗಿ ಮಾತಾಡಲಾರರು. ಆ ಕಡೆಯಿಂದ ಒಂದು ಸದ್ದೂ ಬಾರದ ಫೋನಿನಲ್ಲಿ ಸಾವಿನ ಸುದ್ದಿ ಹೇಳುವ ಧೈರ್ಯ ನನಗಿರಲಿಲ್ಲ. ಹೊಳೆನರಸೀಪುರದ ಬಸ್ಸು ಬಿಟ್ಟು ಅರಕಲಗೂಡಿನ ಬಸ್ಸು ಹತ್ತಿದೆ. ಬಾಗಿಲಲ್ಲಿ ನಿಂತ ನನ್ನ ಮುಖ ನೋಡಿದ್ದೇ ಆಕೆ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ದಾರಿಯುದ್ದಕ್ಕೂ ನನ್ನ ಮೊಣಕೈ ಹಿಡಿದುಕೊಂಡೇ ಕೂತಿದ್ದರು.

ಅಕ್ಕನ ಹೆಸರು ನಾನು ಬರೆಯುವುದಿಲ್ಲ. ಬರೆದರೂ ಊರಿನ ಮುಕ್ಕಾಲು ಜನಕ್ಕೆ ಯಾರೆಂದು ಗೊತ್ತಾಗುವುದಿಲ್ಲ. ಇಪ್ಪತ್ತೆರಡು ವರ್ಷ ಹೊಳೆನರಸೀಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಫೋನು ಜೋಡಿಸಿಕೊಟ್ಟವರು ಅವರು. ಊರು ಅವರ ಸ್ವರವನ್ನು ಬಲ್ಲದು, ಮುಖವನ್ನಲ್ಲ. ದೇವಸ್ಥಾನದ ಬೀದಿಯಲ್ಲಿ ತರಕಾರಿ ಚೀಲ ಹಿಡಿದು ಬರುವಾಗ ಯಾರೂ ತಿರುಗಿ ನೋಡುತ್ತಿರಲಿಲ್ಲ. "ಏನಪ್ಪಾ, ಬದನೆಕಾಯಿ ಹೇಗೆ?" ಎಂದು ಬಾಯಿ ತೆರೆದರೆ ಸಾಕು, ಪಕ್ಕದಲ್ಲಿದ್ದವನು ಬೆಚ್ಚಿ, "ಅಯ್ಯೋ, ಎಕ್ಸ್‌ಚೇಂಜ್ ಅಕ್ಕಾವ್ರು" ಎಂದು ಬೀಡಿ ಹಿಂದಕ್ಕೆ ಮುಚ್ಚಿಟ್ಟುಕೊಳ್ಳುತ್ತಿದ್ದ.

ನಾನು ಅವರ ಕೈಕೆಳಗೆ ಸೇರಿದ್ದು ತೊಂಬತ್ತರ ದಶಕದ ಮೊದಲಲ್ಲಿ. ಬಿ.ಎ. ಮುಗಿಸಿ, ತೆಂಗಿನ ವ್ಯಾಪಾರಕ್ಕೂ ಒಗ್ಗದೆ ಸರ್ಕಾರಿ ಪರೀಕ್ಷೆಗಳಿಗೂ ಒಗ್ಗದೆ ಇದ್ದವನಿಗೆ ಶಾರ್ಟ್ ಡ್ಯೂಟಿ ಆಪರೇಟರ್ ಕೆಲಸ ಸಿಕ್ಕಿತು. ಕಾಯಂ ನೌಕರರು ರಜೆ ಹಾಕಿದ ದಿನ ನಮಗೆ ಡ್ಯೂಟಿ. ಎದೆಯೆತ್ತರದ ಮರದ ಬೋರ್ಡು, ಅದರ ತುಂಬ ಸಾಲುಸಾಲು ತೂತು, ತೂತಿಗೊಂದು ಮನೆ ಅಥವಾ ಅಂಗಡಿ. ಯಾರಾದರೂ ಫೋನೆತ್ತಿದರೆ ಅವರ ತೂತಿನ ಮೇಲಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಒಂದು ವೈರನ್ನು ಆ ತೂತಿಗೆ, ಅದರ ಜೋಡಿ ವೈರನ್ನು ಅವರಿಗೆ ಬೇಕಾದವರ ತೂತಿಗೆ ಚುಚ್ಚಬೇಕು. ಪ್ರತಿ ಜೋಡಿಗೂ ಕೆಳಗೊಂದು ಪುಟ್ಟ ಕೀ. ಅದನ್ನು ಒತ್ತಿದರೆ ಅವರಿಬ್ಬರ ಮಾತು ನಮ್ಮ ಕಿವಿಗೂ ಬೀಳುತ್ತದೆ, ಎತ್ತಿದರೆ ಇಲ್ಲ.

ಮೊದಲ ದಿನವೇ ನಾನು ಕೀ ಒತ್ತಿಕೊಂಡು ಕೂತಿದ್ದೆ. ಕೊಬ್ಬರಿ ಮಂಡಿಯವನು ತನ್ನ ಷಡ್ಡಕನನ್ನು ಬಯ್ಯುತ್ತಿದ್ದ, ಬಹಳ ಸ್ವಾರಸ್ಯವಾಗಿ. ಅಕ್ಕ ಪಕ್ಕದ ಕುರ್ಚಿಯಿಂದ ಕೈ ಚಾಚಿ ಕೀ ಎತ್ತಿಬಿಟ್ಟರು.

"ಲೈನ್ ಬಂತಾ?"

"ಬಂತು ಅಕ್ಕ."

"ಬಂದ್ಮೇಲೆ ಕೀ ಎತ್ತಬೇಕು. ಅವರಿಬ್ಬರ ಮಧ್ಯೆ ನಿನಗೇನೋ ಕೆಲಸ? ಮದುವೆ ಮಾಡಿಸಿದ ಪುರೋಹಿತರು ಅಲ್ಲೇ ಕೂತಿರ್ತಾರಾ?"

ಇಪ್ಪತ್ತೆರಡು ವರ್ಷದಲ್ಲಿ ಅವರು ಯಾರ ಮಾತನ್ನೂ ಕದ್ದು ಕೇಳಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೂ ಊರಿನ ಸಮಸ್ತವೂ ಅವರಿಗೆ ಗೊತ್ತಿತ್ತು, ಯಾಕೆಂದರೆ ಜನ ನಂಬರು ಹೇಳುತ್ತಿರಲಿಲ್ಲ, ಕಷ್ಟ ಹೇಳುತ್ತಿದ್ದರು. "ಅಕ್ಕಾ, ಮಗೀಗೆ ಜ್ವರ ಬಂದ್ಬುಟ್ಟದೆ, ಡಾಕ್ಟ್ರನ್ನ ಕೊಡಿ." ಡಾಕ್ಟರು ಆ ಹೊತ್ತಿಗೆ ಎಲ್ಲಿರುತ್ತಾರೆಂದು ಅಕ್ಕನಿಗೆ ಗೊತ್ತು. ಮನೆಯ ತೂತನ್ನೂ ಆಸ್ಪತ್ರೆಯ ತೂತನ್ನೂ ಬಿಟ್ಟು ಇಸ್ಪೀಟಿನ ಕ್ಲಬ್ಬಿಗೆ ವೈರು ಚುಚ್ಚುತ್ತಿದ್ದರು. ಬೋರ್ಡು ನೋಡುತ್ತಲೂ ಇರಲಿಲ್ಲ. ಎಡಗಿವಿಯ ಹೆಡ್‌ಸೆಟ್ಟಿನ ಮೇಲೆ ಎಡಗೈ, ತಲೆ ಒಂದಿಷ್ಟು ವಾಲಿಸಿ, ಬಲಗೈಯಲ್ಲಿ ತೂತು ಸವರುತ್ತಾ ಹೋಗಿ ಸರಿಯಾದಲ್ಲಿ ನಿಲ್ಲುತ್ತಿದ್ದರು.

ನನ್ನ ನಾಲಗೆಯನ್ನು ತಿದ್ದಿದವರೂ ಅವರೇ. ನಾನು ಹೊಲದ ಕಡೆಯಿಂದ ಬಂದವನು, "ಆಸನ" ಎನ್ನುತ್ತಿದ್ದೆ. "ಆಸನ ಕೇಳಿದ್ರೆ ಅವರು ಕುರ್ಚಿ ಕೊಡ್ತಾರೆ ಕಣೋ. ಹೊಟ್ಟೆಯಿಂದ ಹೇಳು, ಹಾಸನ" ಎಂದು ದಿನಕ್ಕೆ ಹತ್ತು ಸಲ ಹೇಳಿಸುತ್ತಿದ್ದರು. ಅದರಲ್ಲಿ ಕೊಂಕಿರಲಿಲ್ಲ. ಬೇರೆ ಊರಿನ ಟ್ರಂಕ್ ಲೈನಿನಲ್ಲಿ ಗಾಳಿಗೆ ಹಾರಿಹೋಗದಂತೆ ಮಾತಾಡಬೇಕು ಎನ್ನುವುದಷ್ಟೇ ಅವರ ಪಾಠ. ಮನೆಗೆ ಹೋದ ಮೇಲೆ ನಮ್ಮಮ್ಮನ ಹತ್ತಿರ "ಹೇಗಿದ್ದೀಯ" ಎಂದರೆ ಅವಳು ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು.

ಆಪರೇಟರುಗಳು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುವ ಪದ್ಧತಿ ಇರಲಿಲ್ಲ. ಊರಿನ ಹೆಸರೇ ಹೆಸರು. ಬೆಳಗ್ಗೆ ಡ್ಯೂಟಿಗೆ ಕೂತ ತಕ್ಷಣ ಎಲ್ಲ ಊರುಗಳ ಲೈನು ಪರೀಕ್ಷಿಸಬೇಕು. "ಚನ್ನರಾಯಪಟ್ಟಣ, ಕೇಳ್ತಿದ್ಯಾ?" "ಕೇಳ್ತಿದೆ." ಅಷ್ಟೇ. ಆದರೆ ಅರಕಲಗೂಡಿನ ಪರೀಕ್ಷೆ ಮಾತ್ರ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಅಲ್ಲಿ ಕೂತಿದ್ದ ಹೆಂಗಸು ತಂಬಾಕು ಬೆಳೆಯುವ ಮನೆಯವರು, ಒರಟು ಮಾತು, ಗಂಟಲು ಒಡೆದಂಥ ದಪ್ಪ ಸ್ವರ.

"ಅರಕಲಗೂಡು, ಕೇಳ್ತಿದ್ಯಾ?"

"ಕೇಳ್ತದೆ ಕಣಮ್ಮಿ. ಉಂಡ್ಯಾ? ನೆನ್ನೆ ಕೆಮ್ತಿದ್ದೆ, ಕಸಾಯ ಕುಡುದ್ಯಾ ಇಲ್ಲ ಅಂಗೇ ಬಂದ್ಬುಟ್ಯಾ?"

ಅಕ್ಕ ಮದುವೆಯಾದ ಮೂರನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದವರು. ಅಣ್ಣ ಅತ್ತಿಗೆ ಒಳ್ಳೆಯವರೇ, ಆದರೆ ಕಷಾಯ ಕುಡಿದೆಯಾ ಎಂದು ಬಯ್ದು ಕೇಳುವವರು ಆ ಲೈನಿನಲ್ಲಿ ಒಬ್ಬರೇ ಇದ್ದರು.

ಹನ್ನೊಂದು ವರ್ಷ ಹೀಗೆ ಮಾತಾಡಿದವರು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಒಂದು ಭಾನುವಾರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸೇರಿ ದೊಡ್ಡಗದ್ದವಳ್ಳಿಯ ದೇವಸ್ಥಾನಕ್ಕೆ ಹೋಗಿಬರುವುದೆಂದು ಮಾತಾಯಿತು. ಯಾವ ಸೀರೆ ಎಂದು ಹೇಳಿಕೊಳ್ಳುವುದನ್ನು ಇಬ್ಬರೂ ಮರೆತಿದ್ದರು. ಅರ್ಧ ಗಂಟೆ ಕಾದ ಅಕ್ಕ ಕೊನೆಗೆ ಸ್ಟ್ಯಾಂಡಿನ ನಡುವೆ ನಿಂತು ಬೋರ್ಡಿನ ಮುಂದೆ ಕೂತಂತೆಯೇ ಸ್ವರ ಎತ್ತಿ "ಅರಕಲಗೂಡು, ಅರಕಲಗೂಡು" ಎಂದರು. ಒಬ್ಬ ಕಂಡಕ್ಟರು ಬಂದು, "ಅಲ್ಲಿ ನಿಂತದೆ ನೋಡಮ್ಮ, ಮುಂದಿನ ಬಾಗಿಲಲ್ಲಿ ಅತ್ತು" ಎಂದು ಬಸ್ಸು ತೋರಿಸಿದ. ಅಷ್ಟರಲ್ಲಿ ಕಡಲೆಕಾಯಿ ಗಾಡಿಯ ಹಿಂದಿನಿಂದ ಆ ಒಡೆದ ಸ್ವರ ಕೇಳಿತಂತೆ: "ಒಳೆನರ್ಸೀಪುರ, ಮಾತಾಡಿ." ಈ ಕತೆಯನ್ನು ಅಕ್ಕ ಹೇಳುವಾಗಲೆಲ್ಲ ನಕ್ಕು ನಕ್ಕು ಕೊನೆಯ ಮಾತು ನುಂಗಿಬಿಡುತ್ತಿದ್ದರು, ನಾವೇ ಪೂರ್ತಿ ಮಾಡಿಕೊಳ್ಳಬೇಕಿತ್ತು.

ಆಮೇಲೆ ಆಟೊಮ್ಯಾಟಿಕ್ ಎಕ್ಸ್‌ಚೇಂಜು ಬಂತು. ಜನ ತಾವೇ ನಂಬರು ತಿರುಗಿಸತೊಡಗಿದರು, ಬೋರ್ಡು ಗೋಡೌನಿಗೆ ಹೋಯಿತು. ಅಕ್ಕನನ್ನು ದೂರು ಬರೆದುಕೊಳ್ಳುವ ಕೌಂಟರಿಗೆ ಹಾಕಿದರು. ನನಗೆ ಕೆಲಸವೇ ಇಲ್ಲವಾಗಿ ಹಾಸನಕ್ಕೆ ಹೋಗಿ ಎಸ್‌ಟಿಡಿ ಬೂತ್ ಇಟ್ಟೆ. ಮುಂದೆ ಬೂತಿಗೂ ಜನ ಬಾರದಾದಾಗ ಅದೇ ಮಳಿಗೆಯಲ್ಲಿ ಮೊಬೈಲ್ ಅಂಗಡಿ ಮಾಡಿದೆ. ಅಕ್ಕ ಅಂದಿನಿಂದ ನನ್ನನ್ನು "ಹಾಸನ" ಎಂದೇ ಕರೆದರು. ಹೊಟ್ಟೆಯಿಂದ.

ಇಬ್ಬರು ಗೆಳತಿಯರೂ ಹೆಚ್ಚು ಕಡಿಮೆ ಒಟ್ಟಿಗೇ ನಿವೃತ್ತರಾದರು. ನಿವೃತ್ತಿಯಾದರೂ ಬೆಳಗಿನ ಪರೀಕ್ಷೆ ನಿಲ್ಲಲಿಲ್ಲ, ಸಂಜೆ ಆರಕ್ಕೆ ಬದಲಾಯಿತು ಅಷ್ಟೆ. ಅರಕಲಗೂಡಿನವರಿಗೆ ಗಂಟಲಲ್ಲಿ ಗಡ್ಡೆ ಎದ್ದು ಮೈಸೂರಿನಲ್ಲಿ ಆಪರೇಷನ್ ಆದದ್ದು ಆಮೇಲೆ. ಜೀವ ಉಳಿಯಿತು, ಸ್ವರ ಪೂರ್ತಿ ಹೋಯಿತು. ಅಕ್ಕ ಆಸ್ಪತ್ರೆಯಿಂದ ವಾಪಸು ಬಂದವರು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲವೆಂದು ಅವರ ಅತ್ತಿಗೆ ಹೇಳಿದರು. ಮೂರನೇ ದಿನ ನನ್ನ ಅಂಗಡಿಗೆ ಬಂದು, ಮೆಸೇಜು ಕಳಿಸುವುದು ಹೇಗೆಂದು ಕಲಿತು, ಅದನ್ನು ಅರಕಲಗೂಡಿಗೆ ಹೋಗಿ ಕಲಿಸಿ ಬಂದರು. ಅಲ್ಲಿಂದ ಮುಂದೆ ಆರು ಗಂಟೆಯ ಲೈನು ಹೀಗೆ ನಡೆಯಿತು: ಅಕ್ಕ ಫೋನು ಮಾಡಿ ಮಾತಾಡುತ್ತಾರೆ, ಆ ಕಡೆಯವರು ಕೇಳಿಸಿಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸುತ್ತಾರೆ, ಅಕ್ಕ ಓದಿ ಮತ್ತೆ ಫೋನು ಮಾಡುತ್ತಾರೆ. ಒಬ್ಬರು ಬರೆಯಬೇಕು, ಒಬ್ಬರು ಮಾತಾಡಬೇಕು.

ಅದಾಗಿ ಒಂದು ವರ್ಷಕ್ಕೆ ಅಕ್ಕನ ಕಣ್ಣು ಕೈಕೊಡತೊಡಗಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಒಂದು ಆಗಲೇ ಹೋಗಿತ್ತು. ಇನ್ನೊಂದು ಒಂದು ವರ್ಷ ನಡೆದರೆ ಹೆಚ್ಚು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದನ್ನು ಅಕ್ಕ ನನಗೆ ಹೇಳಿದ್ದು ಬಸ್ಸು ತಡವಾಯಿತು ಎನ್ನುವ ಹಾಗೆ.

"ಮೆಸೇಜನ್ನ ಮನೇಲಿ ಯಾರಾದ್ರೂ ಓದಿ ಹೇಳ್ತಾರಲ್ಲ ಅಕ್ಕ," ಎಂದೆ.

"ಹಾಸನ, ನೀನೂ ಹೀಗಂದ್ರೆ ಹೇಗೋ? ನನ್ನ ಅವಳ ಮಧ್ಯೆ ಮೂರನೆಯವರು ಕೀ ಒತ್ತಿಕೊಂಡು ಕೂರಬೇಕಾ? ಅವಳು ನಮ್ಮ ಅತ್ತಿಗೆ ಬಗ್ಗೆ ಏನೇನು ಬರೀತಾಳೋ, ಅದನ್ನ ನಮ್ಮ ಅತ್ತಿಗೇನೇ ಓದಬೇಕಾ?" ಆಮೇಲೆ, "ತಾನೇ ಓದಿ ಹೇಳೋ ಫೋನು ಇದೆಯಂತಲ್ಲ. ಕಣ್ಣಿರೋವಾಗಲೇ ಕೈ ಕಲಿಸಿಕೊಳ್ತೀನಿ, ಹುಡುಕು" ಎಂದರು.

ಅದು 2009. ಆ ವರ್ಷವೇ ಟಚ್ ಫೋನಿನ ಹೊಸದೊಂದು ಆಪರೇಟಿಂಗ್ ಸಿಸ್ಟಂ ನಮ್ಮ ಕಡೆಗೂ ಬಂದದ್ದು. ಹಾಗೆಂದರೇನು ಎಂದು ಅಕ್ಕ ಕೇಳಿದಾಗ, ಫೋನಿನೊಳಗೆ ಕೂತು ಎಲ್ಲವನ್ನೂ ನಡೆಸುವ ವ್ಯವಸ್ಥೆ ಎಂದೆ. "ಹಾಗಾದ್ರೆ ಒಳಗೊಬ್ಬ ಆಪರೇಟರ್ ಇದಾನೆ ಅನ್ನು. ಡ್ಯೂಟಿ ಹೇಗೆ ಮಾಡ್ತಾನೆ ನೋಡೋಣ" ಎಂದರು. ನಾನು ಆಗ ಹೊಸದರ ಅಮಲಿನಲ್ಲಿದ್ದೆ. ಅಂಗಡಿಯ ಗಾಜಿನ ಮೇಲೆ ಆಳೆತ್ತರದ ಪೋಸ್ಟರು ಅಂಟಿಸಿದ್ದೆ.

ಹಾಸನದ ಹೋಟೆಲೊಂದರಲ್ಲಿ ಅಂಗಡಿಯವರಿಗೆಲ್ಲ ಹೊಸ ಫೋನು ತೋರಿಸುವ ಸಭೆ ಇಟ್ಟಿದ್ದರು. ಅಕ್ಕನನ್ನು ನನ್ನ ಪಾರ್ಟ್‌ನರ್ ಎಂದು ಬರೆಸಿ ಕರೆದುಕೊಂಡು ಹೋದೆ. ಟೈ ಕಟ್ಟಿದ ಯುವಕನೊಬ್ಬ ಗಾಜಿನ ಮೇಲೆ ಬೆರಳು ಆಡಿಸುತ್ತಾ, ಗುಂಡಿಗಳ ಕಾಲ ಮುಗಿಯಿತು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಕ್ಕ ಎದ್ದು ನಿಂತರು.

"ಗುಂಡಿ ಇಲ್ದೆ ಇದ್ರೆ ಐದು ಎಲ್ಲಿದೆ ಅಂತ ಬೆರಳಿಗೆ ಹೇಗಪ್ಪಾ ಗೊತ್ತಾಗತ್ತೆ?"

"ನೋಡಿದ್ರೆ ಗೊತ್ತಾಗುತ್ತಲ್ಲ ಮೇಡಂ."

"ನೋಡಿದ್ರೆ ಗೊತ್ತಾಗತ್ತೆ, ಸರಿ," ಎಂದು ಅಕ್ಕ ಕೂತುಕೊಂಡರು. ಊಟದ ಹೊತ್ತಿಗೆ ಆ ಯುವಕ ತಟ್ಟೆ ಹಿಡಿದು ನಮ್ಮ ಹತ್ತಿರವೇ ಬಂದ. ಅವನಿಗೆ ಏನೋ ಹೊಳೆದಿತ್ತು. "ಮುಂದಿನ ವರ್ಷನ್‌ನಲ್ಲಿ ಅದೇ ಓದಿ ಹೇಳುತ್ತಂತೆ ಮೇಡಂ, ಸ್ವಲ್ಪ ಕಾಯಬೇಕು" ಎಂದ. "ನಾನು ಕಾಯ್ತೀನಪ್ಪ, ಈ ಕಣ್ಣು ಕಾಯಬೇಕಲ್ಲ" ಎಂದು ಅಕ್ಕ ತಮ್ಮ ಪಾಲಿನ ಜಾಮೂನನ್ನು ಅವನ ತಟ್ಟೆಗೆ ಹಾಕಿದರು.

ಆಮೇಲೆ ಪ್ರತಿ ಗುರುವಾರ ಬಸ್ಸಿನಲ್ಲಿ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಒಂದೊಂದೇ ಫೋನು ಕೊಡಬೇಕು. ಮೊದಲು ಎಲ್ಲವನ್ನೂ ಕಣ್ಣಿನಿಂದ ನೋಡಿಕೊಂಡು, ಬಳಿಕ ಕಣ್ಣು ಮುಚ್ಚಿ, ಫೋನಿನ ಮೇಲೆ ಸೆರಗು ಹೊದಿಸಿ ಅದರಡಿ ಬೆರಳಾಡಿಸುತ್ತಿದ್ದರು. ಕೆಲಸ ಒಂದೇ, ಅರಕಲಗೂಡಿನಿಂದ ಬಂದ ಮೆಸೇಜು ತೆರೆಯಬೇಕು, ಓದಿಸಬೇಕು. ಶುಂಠಿ ಮಾರಲು ಬಂದಿದ್ದ ರೈತನೊಬ್ಬ ಇದನ್ನು ಬಹಳ ಹೊತ್ತು ನೋಡಿದ.

"ಏನವ್ವಾ, ದನದ ಸಂತೇಲಿ ದಲ್ಲಾಳಿ ಟವಲ್ ಅಡೀಲಿ ಬೆರಳು ಇಡುದಂಗೆ ಇಡೀತಿದ್ದೀಯಲ್ಲ."

"ಹೌದಪ್ಪಾ, ಇದೂ ಹಲ್ಲು ನೋಡಿ ಕೊಳ್ಳೋ ವ್ಯಾಪಾರವೇ," ಎಂದರು ಅಕ್ಕ, ಕಣ್ಣು ತೆರೆಯದೆ.

ಪ್ರತಿ ಸಿಸ್ಟಮ್ಮಿಗೂ ಅವರು ಒಂದೊಂದು ನಡತೆಯ ಪತ್ರ ಕೊಟ್ಟರು. ಕಡ್ಡಿಯಿಂದ ಚುಚ್ಚುವ ಫೋನೊಂದಿತ್ತು, ಕಂಪ್ಯೂಟರನ್ನೇ ಕುಗ್ಗಿಸಿದಂಥದ್ದು. ಅದು ಏನು ಮಾಡಲು ಹೋದರೂ ಖಚಿತವೇ ಎಂದು ಕೇಳುತ್ತಿತ್ತು. "ಇವನು ತಾಲ್ಲೂಕು ಆಫೀಸಿನ ಗುಮಾಸ್ತ. ಅರ್ಜಿ ತಗೊಳ್ತಾನೆ, ಕೆಲಸ ಮಾಡಲ್ಲ." ಅಮೆರಿಕದ ದುಬಾರಿ ಫೋನನ್ನು ನಾನು ಪರಿಚಯದ ಕಾಫಿ ಪ್ಲಾಂಟರೊಬ್ಬರಿಂದ ಒಂದು ಗಂಟೆಯ ಮಟ್ಟಿಗೆ ತರಿಸಿದ್ದೆ. ಅದರ ಇನ್ನೂ ಹೊಸ ಮಾದರಿ ಮಾತಾಡುತ್ತದೆಂದು ಕೇಳಿದ್ದೆವು, ಅದು ಹಾಸನಕ್ಕೆ ಬಂದಿರಲಿಲ್ಲ. "ಚೆನ್ನಾಗಿದಾನೆ, ಆದ್ರೆ ಗರ್ಭಗುಡಿ. ಹೊರಗಿನಿಂದ ಕೈ ಮುಗೀಬೇಕು," ಎಂದು ವಾಪಸು ಕೊಟ್ಟರು.

ಹೊಸ ಸಿಸ್ಟಮ್ಮಿನ ಫೋನನ್ನು ಮಾತ್ರ ಮೂರು ಗುರುವಾರ ಹಿಡಿದುಕೊಂಡರು. ಅದು ಅವರಿಗೆ ಇಷ್ಟವಾಗಿತ್ತು, ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೆ ಸೆರಗಿನಡಿ ಹೋದ ತಕ್ಷಣ ಬೆರಳು ದಾರಿ ತಪ್ಪುತ್ತಿತ್ತು. ಒಮ್ಮೆ ಯಾರಿಗೋ ಫೋನು ಹೋಗಿ, ಅವರು ಆ ಕಡೆ ಹಲೋ ಹಲೋ ಎನ್ನುವಾಗ ಅಕ್ಕ ಕಣ್ಣು ಮುಚ್ಚಿಕೊಂಡೇ ಕ್ಷಮೆ ಕೇಳಿದರು. ಮೂರನೇ ಗುರುವಾರ ಫೋನನ್ನು ಕೌಂಟರಿನ ಮೇಲಿಟ್ಟು ಅದರ ಗಾಜನ್ನು ಸೆರಗಿನಿಂದ ಒರೆಸಿದರು.

"ಇದು ಗೆಲ್ಲತ್ತೆ ಕಣೋ. ಚುರುಕು ಮಗು. ಇನ್ನು ಹತ್ತು ವರ್ಷಕ್ಕೆ ನಿನ್ನ ಅಂಗಡೀಲಿ ಇದೇ ಇರತ್ತೆ ನೋಡು."

"ಮತ್ತೆ ಇದನ್ನೇ ತಗೊಳ್ಳಿ ಅಕ್ಕ. ಓದೋದು ಇವತ್ತಲ್ಲ ನಾಳೆ ಬಂದೇ ಬತ್ತದೆ."

"ನಾನು ಗೆಲ್ಲೋದನ್ನ ಹುಡುಕ್ಕೊಂಡು ಬಂದಿಲ್ಲ ಹಾಸನ. ನನಗೆ ಈಗ ಲೈನ್ ಬೇಕು."

ಕೊನೆಗೆ ಆರಿಸಿದ್ದು ಹಳೆಯ ಸಿಸ್ಟಮ್ಮಿನ ಗುಂಡಿ ಫೋನು. ಇನ್ನೆರಡು ವರ್ಷಕ್ಕೆ ಅದನ್ನು ಮೂಸುವವರಿರುವುದಿಲ್ಲ ಎಂದು ವ್ಯಾಪಾರದವರೆಲ್ಲ ಹೇಳುತ್ತಿದ್ದರು, ನಾನೂ ಹೇಳಿದೆ. ಆದರೆ ಅದರಲ್ಲಿ ಐದರ ಮೇಲೆ ಬೆರಳಿಗೆ ಸಿಗುವ ಚುಕ್ಕೆ ಇತ್ತು, ಗುಂಡಿಗಳು ಇದ್ದಲ್ಲೇ ಇರುತ್ತಿದ್ದವು, ಎಲ್ಲಕ್ಕಿಂತ ಮುಖ್ಯವಾಗಿ ಬಂದ ಮೆಸೇಜನ್ನು ಓದಿ ಹೇಳುವ ಹೆಣ್ಣು ದನಿಯೊಂದಿತ್ತು. ದನಿ ಯಾವುದೋ ದೇಶದ್ದು. ಕನ್ನಡವೆಂದರೆ ಏನೆಂದು ಆಕೆಗೆ ಗೊತ್ತಿರಲಿಲ್ಲ. ಅರಕಲಗೂಡಿನವರ ಬಯ್ಗುಳವನ್ನೆಲ್ಲ ಮೂಗಿನಲ್ಲಿ, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡಂತೆ ಓದುತ್ತಿದ್ದಳು. ಮೊದಲ ಸಲ "ಮಾತ್ರೆ ನುಂಗ್ದ್ಯಾ ಕಣಮ್ಮಿ" ಎನ್ನುವುದನ್ನು ಅವಳು ಓದಿದಾಗ ನಾನು ಕೌಂಟರು ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ. ಎಡಗೈಯನ್ನು ಕಿವಿಗೆ ಇಟ್ಟುಕೊಂಡು, ತಲೆ ವಾಲಿಸಿ, ಇನ್ನೊಮ್ಮೆ ಓದಿಸಿದರು.

"ಸ್ವರ ಯಾರದಾದ್ರೇನು. ಬಯ್ಯೋದು ಅವಳ ಥರವೇ ಇದೆ."

ಆರು ತಿಂಗಳಲ್ಲಿ ಉಳಿದ ಕಣ್ಣೂ ಹೋಯಿತು. ಅಷ್ಟರಲ್ಲಿ ಅಕ್ಕನ ಬೆರಳು ಎಲ್ಲ ಕಲಿತಿತ್ತು. ಸಂಜೆ ಆರಕ್ಕೆ ತಮ್ಮ ಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡು ಮಂಚದ ಮೇಲೆ ಕೂರುತ್ತಾರೆ, ಒಂದು ಗಂಟೆ ಒಳಗಿನಿಂದ ಇವರ ಮಾತು, ಆ ಪರದೇಶದವಳ ಓದು, ಇವರ ನಗು. ಮನೆಯವರಿಗೆ ಅದೊಂದು ಧಾರಾವಾಹಿಯ ಹಾಗಾಗಿತ್ತು, ಅರ್ಥವಾಗದ ಧಾರಾವಾಹಿ.

ಆಗ ನಾನೊಂದು ಕೆಲಸ ಮಾಡಿದೆ.

ಆ ಫೋನಿಗೆ ಇಂಡಿಯನ್ ಇಂಗ್ಲಿಷಿನ ಹೊಸ ದನಿಯೊಂದು ಬಂದಿದೆಯೆಂದು ಗೊತ್ತಾಯಿತು. ನಮ್ಮವರ ಉಚ್ಚಾರಣೆ, ತಿಳಿಯಾದ ಸ್ವರ, ಕನ್ನಡದ ಪದಗಳೂ ಹೆಚ್ಚು ಕಡಿಮೆ ಕನ್ನಡದ ಹಾಗೇ ಕೇಳುತ್ತಿದ್ದವು. ಅಕ್ಕನಿಗೆ ಖುಷಿಯಾಗುತ್ತದೆಂದು ಒಂದು ಮಧ್ಯಾಹ್ನ ಲ್ಯಾಪ್‌ಟಾಪು, ಕೇಬಲ್ಲು ಎಲ್ಲ ಹೊತ್ತುಕೊಂಡು ಹೊಳೆನರಸೀಪುರಕ್ಕೆ ಹೋದೆ. "ಫೋನು ಸರ್ವೀಸ್ ಮಾಡಿಕೊಡ್ತೀನಿ" ಎಂದಷ್ಟೇ ಹೇಳಿ, ಸಾಫ್ಟ್‌ವೇರನ್ನೆಲ್ಲ ಹೊಸದು ಮಾಡಿ, ದನಿ ಬದಲಿಸಿದೆ. ಆರು ಗಂಟೆಗೆ ಮೊದಲ ಮೆಸೇಜು ಬಂತು. ಬರಲಿರುವ ಶಹಭಾಸ್‌ಗಾಗಿ ನಾನು ಅಲ್ಲೇ ನಿಂತಿದ್ದೆ.

ಹೊಸ ದನಿ ಓದಿತು. ಒಂದಕ್ಷರ ತಪ್ಪಿಲ್ಲದೆ.

ಅಕ್ಕ ಕಿವಿಯಿಂದ ಕೈ ತೆಗೆದರು. "ಯಾರೋ ಇವಳು?"

"ನಮ್ಮ ದೇಶದವಳೇ ಅಕ್ಕ. ಸ್ಪಷ್ಟವಾಗಿಲ್ವಾ?"

"ಸ್ಪಷ್ಟವಾಗಿದಾಳೆ." ಫೋನನ್ನು ಮಂಚದ ಮೇಲಿಟ್ಟು ಅದರಿಂದ ಸ್ವಲ್ಪ ದೂರ ಸರಿದು ಕೂತರು. "ಅರಕಲಗೂಡು ಎಲ್ಲಿ?"

ನನಗೆ ತಕ್ಷಣ ತಿಳಿಯಲಿಲ್ಲ. ಮೆಸೇಜು ಅವರದೇ, ನಂಬರು ಅವರದೇ ಎಂದು ಏನೇನೋ ವಿವರಿಸಿದೆ. ಅಕ್ಕ ಕೇಳಿಸಿಕೊಂಡರು. ಅವರು ಎಂದೂ ಯಾರ ಮಾತನ್ನೂ ನಡುವೆ ತುಂಡರಿಸಿದವರಲ್ಲ.

"ನಿನಗೆ ಹೇಗೆ ಹೇಳಲಿ. ಅವಳ ಗಂಟಲು ಹೋದ್ಮೇಲೆ ಅವಳ ಸ್ವರ ನನ್ನ ಕಿವೀಲಿ ದಿನಾ ಒಂದಿಷ್ಟು ಅಳಿಸಿಹೋಗ್ತಾ ಬಂತು. ಇಪ್ಪತ್ತು ವರ್ಷ ಕೇಳಿದ ಸ್ವರ, ನೆನಪು ಮಾಡ್ಕೋತೀನಿ ಅಂದ್ರೂ ಬರ್ತಿರಲಿಲ್ಲ. ಆ ಪರದೇಶದವಳು ತಪ್ಪುತಪ್ಪಾಗಿ ಓದ್ತಾ ಓದ್ತಾ, ಯಾವತ್ತೋ ಒಂದಿನ ಅವಳೇ ಬಂದು ಅದರಲ್ಲಿ ಕೂತುಬಿಟ್ಲು. ಅದೇ ಒರಟು, ಅದೇ ಅವಸರ. ಕಣ್ಣಿಲ್ಲದವಳಿಗೆ ಇನ್ನೇನು ಬೇಕು. ನಿನ್ನೆ ತನಕ ಇದ್ಲು ಕಣೋ."

ನನಗೆ ನಾಚಿಕೆಯಾಯಿತು. ಅಳುವೂ ಬಂತು, ಅಕ್ಕನಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳಲಿಲ್ಲ. ನಾನು ಮೂಗೆಳೆದದ್ದು ಅವರಿಗೆ ಕೇಳಿಸಿತೆಂದು ಕಾಣುತ್ತದೆ, ನನ್ನ ಕೈ ಹುಡುಕಿ ತಟ್ಟಿದರು. ಆ ಸಂಜೆ ಅವರು ಅರಕಲಗೂಡಿಗೆ ಫೋನು ಮಾಡಿ ತಲೆನೋವೆಂದು ಸುಳ್ಳು ಹೇಳಿದರು. ಅವರ ಬಾಯಲ್ಲಿ ನಾನು ಕೇಳಿದ ಒಂದೇ ಸುಳ್ಳು ಅದು.

ಹಳೆಯ ದನಿಯನ್ನು ವಾಪಸು ಹಾಕಲು ಮೂರು ದಿನ ಒದ್ದಾಡಿದೆ. ಸಾಫ್ಟ್‌ವೇರು ಮುಂದಕ್ಕೆ ಹೋಗುತ್ತಿತ್ತೇ ಹೊರತು ಹಿಂದಕ್ಕೆ ಬರುತ್ತಿರಲಿಲ್ಲ. ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ. ಅಂಥ ಫೋನನ್ನು ಆಗಲೇ ಎಲ್ಲರೂ ಕಂಪನಿಗೆ ವಾಪಸು ಕಳಿ‍ಸಿಬಿಟ್ಟಿದ್ದರು. ನಾಲ್ಕನೆಯ ದಿನ ಚನ್ನರಾಯಪಟ್ಟಣದ ಅಂಗಡಿಯ ಗೆಳೆಯನೊಬ್ಬ, ಷೋಕೇಸಿನಲ್ಲಿ ತೋರಿಸಲೆಂದು ಇಟ್ಟ ಅದೇ ಫೋನು ತನ್ನ ಹತ್ತಿರ ಇದೆ, ಡಬ್ಬ ಒಡೆದಂದಿನಿಂದ ಯಾರೂ ಅದರ ತಂಟೆಗೆ ಹೋಗಿಲ್ಲ ಎಂದ. ಊಟ ಬಿಟ್ಟು ಬಸ್ಸು ಹತ್ತಿದೆ. ಅವನ ಅಂಗಡಿಯಲ್ಲಿ ನಿಂತು ನನ್ನ ಸಿಮ್ ಹಾಕಿ, ಅವನ ಫೋನಿನಿಂದಲೇ "ಮಾತ್ರೆ ನುಂಗ್ದ್ಯಾ ಕಣಮ್ಮಿ" ಎಂದು ಕಳಿಸಿ, ಗುಂಡಿ ಒತ್ತಿದೆ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಆಕೆ ಓದಿದಳು, ಎಲ್ಲೆಲ್ಲಿ ತಪ್ಪಬೇಕೋ ಅಲ್ಲೆಲ್ಲ ತಪ್ಪಿ.

"ಯಾಕ್ಲಾ, ಕಣ್ಣಲ್ಲಿ ನೀರು ಆಕ್ಕೊಂಡು ನಿಂತ್ಬುಟ್ಟೆ?" ಎಂದ ಗೆಳೆಯ.

"ಏನಿಲ್ಲ. ಸರಿಯಾದ್ದೇ ಸಿಕ್ತು ಕಣ್ಲಾ," ಎಂದೆ.

ಹೊಳೆನರಸೀಪುರದ ಬಸ್ಸು ಇಳಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ದೇವಸ್ಥಾನದ ಬೀದಿಯನ್ನು ಓಡಿಯೇ ದಾಟಿದೆ. ಅಕ್ಕ ಮಂಚದ ಮೇಲೆ ಕೂತಿದ್ದರು. ನನ್ನ ಹೆಜ್ಜೆ ಕೇಳಿ "ಹಾಸನ" ಎಂದರು. ಅವರ ಸಿಮ್ಮನ್ನು ತೆಗೆದು ಈ ಫೋನಿಗೆ ಹಾಕಿ ಅಂಗೈಯಲ್ಲಿಟ್ಟೆ. ಅವರು ಅದರ ಮೇಲೆ ಸೆರಗು ಹೊದಿಸಿದರು, ಹಳೆಯ ಅಭ್ಯಾಸ, ಈಗ ಅದರ ಅಗತ್ಯವೇನೂ ಇರಲಿಲ್ಲ. ಹೆಬ್ಬೆರಳು ಐದರ ಚುಕ್ಕೆಯನ್ನು ಹುಡುಕಿಕೊಂಡು ನಿಂತಿತು. ಅರಕಲಗೂಡಿಗೆ ಫೋನು ಮಾಡಿ, "ಕೇಳ್ತಿದ್ಯಾ?" ಎಂದು ಇಟ್ಟರು. ಇಬ್ಬರೂ ಕಾದೆವು. ಒಂದು ನಿಮಿಷಕ್ಕೆ ಮೆಸೇಜು ಬಂದ ಸದ್ದಾಯಿತು.

ಎಡಗೈ ಕಿವಿಗೆ ಹೋಯಿತು. ತಲೆ ವಾಲಿತು. ಗುಂಡಿ ಒತ್ತಿದರು.

ಆ ಪರದೇಶದ ಹೆಣ್ಣು ದನಿ ನಾಲ್ಕು ದಿನದ ಸಿಟ್ಟನ್ನೆಲ್ಲ ಸೇರಿಸಿ ಒಂದು ವಾಕ್ಯ ಶುರುಮಾಡಿತು. ಎರಡು ಪದ ಆಗುವಷ್ಟರಲ್ಲಿ ಅಕ್ಕನ ಮುಖ ಬೆಳಗಿತು. ಹೆಬ್ಬೆರಳಿನಿಂದ ಅದನ್ನು ಅಲ್ಲಿಗೇ ತಡೆದರು.

"ಲೈನ್ ಬಂತು," ಎಂದರು. ಆಮೇಲೆ ನಾನಿದ್ದ ಕಡೆಗೆ ಮುಖ ತಿರುಗಿಸಿ, ಬಹಳ ಮೆತ್ತಗೆ, "ಕೀ ಎತ್ತೋ" ಎಂದರು.

ನಾನು ಎದ್ದು ಬಾಗಿಲು ಮುಂದಕ್ಕೆಳೆದು ಹೊರಗೆ ಬಂದೆ. ಜಗಲಿಯ ಮೇಲೆ ಚಪ್ಪಲಿ ಹಾಕಿಕೊಳ್ಳುವಾಗ ಒಳಗಿನಿಂದ ಅಕ್ಕ ನಗುವುದು ಕೇಳಿಸಿತು. ಯಾವ ಮಾತಿಗೆ ನಕ್ಕರೆಂದು ಕೇಳಲು ನಾನು ನಿಲ್ಲಲಿಲ್ಲ.